ಕಾಲು ಕೆಜಿ ಕೋಡುಬಳೆಯ ಲೆಕ್ಕ

ಬೆಂಗಳೂರಿನ ಗಾಂಧಿ ಬಜಾರಿನ ಹೂವಿನ ಸಾಲು ದಾಟಿ, ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾದು ನಿಂತವರನ್ನು ಬಳಸಿಕೊಂಡು ನಡೆದರೆ, ಹುರಿದ ಮೆಣಸಿನಕಾಯಿ ಮತ್ತು ಇಂಗಿನ ಘಾಟು ಮೂಗಿಗೆ ಬಡಿಯುತ್ತದೆ. ಎಲ್ಲಿಂದ ಬಂತು ಎಂದು ಬಸವನಗುಡಿಯವರು ಯಾರೂ ಕೇಳುವುದಿಲ್ಲ. ಈ ರಸ್ತೆಯಲ್ಲೂ ಇದರ ಅಡ್ಡರಸ್ತೆಗಳಲ್ಲೂ ಕುರುಕಲು ತಿಂಡಿ, ಪುಡಿ, ಹಪ್ಪಳ, ಸಂಡಿಗೆ, ಗೊಜ್ಜು, ಉಪ್ಪಿನಕಾಯಿ ಮಾರುವ ಕಾಂಡಿಮೆಂಟ್ಸ್ ಅಂಗಡಿಗಳಿವೆ. ಹೆಚ್ಚಿನವು ಇಕ್ಕಟ್ಟಾದ ಮಳಿಗೆಗಳು. ಎದುರಿಗೆ ಗಾಜಿನ ಕಪಾಟು, ಅದರೊಳಗೆ ಚಕ್ಕುಲಿ, ನಿಪ್ಪಟ್ಟು, ತೇಂಗೊಳಲು, ಓಂಪುಡಿ. ಮೇಲೆ ಆ ದಿನ ಬೆಂದ ಒಬ್ಬಟ್ಟಿನ ತಟ್ಟೆ. ಹಿಂದಿನ ಗೋಡೆಯ ತುಂಬಾ ಸಾರಿನ ಪುಡಿ, ಹುಳಿಪುಡಿ, ವಾಂಗಿಭಾತ್ ಪುಡಿಗಳ ಪೊಟ್ಟಣ. ಸಂಜೆ ಆರರ ಮೇಲೆ ಹೋದರೆ ಗಿರಾಕಿಗಳ ಭುಜದ ಮೇಲಿಂದ ಕೈ ಚಾಚಿ ದುಡ್ಡು ಕೊಡಬೇಕಾಗುತ್ತದೆ.

ಬಸವನಗುಡಿ 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆ. ಪೇಟೆಯ ಇಕ್ಕಟ್ಟು ಬಿಟ್ಟು ಬಂದ ಕುಟುಂಬಗಳು ಇಲ್ಲಿ ಹಿತ್ತಲು, ಬಾವಿ, ತಾರಸಿ ಇದ್ದ ಮನೆಗಳನ್ನು ಕಟ್ಟಿಕೊಂಡವು. ಆ ತಾರಸಿಗಳ ಮೇಲೆ ಬೇಸಿಗೆಯಲ್ಲಿ ಹಳೆಯ ಸೀರೆ, ಪಂಚೆ ಹಾಸಿ ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ ಒಣಗಿಸುತ್ತಿದ್ದರು. ವರ್ಷಕ್ಕಾಗುವಷ್ಟು ಪುಡಿಯನ್ನು ಮನೆಯಲ್ಲೇ ಕುಟ್ಟುತ್ತಿದ್ದರು. ಈಗ ಆ ಮನೆಗಳು ಅಪಾರ್ಟ್‌ಮೆಂಟ್ ಆಗಿವೆ. ಮೇಲಿನ ಮಹಡಿಯ ಬಾಗಿಲಿಗೆ ಬೀಗ, ಬಿಸಿಲು ಬೀಳುವ ಜಾಗದಲ್ಲಿ ನೀರಿನ ತೊಟ್ಟಿ ಮತ್ತು ಸೋಲಾರ್. ಮನೆಯಲ್ಲಿ ನಿಂತುಹೋದ ಕೆಲಸವೆಲ್ಲ ಅಂಗಡಿಯ ಕಪಾಟಿಗೆ ಬಂದು ಸೇರಿದೆ.

ಈ ಕಥೆಯನ್ನು ಹೇಳುವಾಗ ಸುಬ್ಬಮ್ಮನವರನ್ನು ಬಿಟ್ಟು ಮುಂದೆ ಹೋಗಲಾಗದು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಅವರು ಹೊಟ್ಟೆಪಾಡಿಗೆಂದು ಹಪ್ಪಳ ಒತ್ತಿ ಮಾರತೊಡಗಿದರು. 1948ರಲ್ಲಿ ಅದು ಗಾಂಧಿ ಬಜಾರಿನಲ್ಲಿ ಅಂಗಡಿಯಾಯಿತು. ಇಂದಿಗೂ ಜನ ಅದನ್ನು ಸುಬ್ಬಮ್ಮನ ಅಂಗಡಿ ಎಂದೇ ಕರೆಯುತ್ತಾರೆ. ಆ ಕಾಲದ ವಿಧವೆಯೊಬ್ಬಳಿಗೆ ಓದಿನ, ಆಸ್ತಿಯ, ಮರುಮದುವೆಯ ದಾರಿಗಳು ಬಹುಪಾಲು ಮುಚ್ಚಿದ್ದವು. ತೆರೆದಿದ್ದದ್ದು ಅಡುಗೆಮನೆಯೊಂದೇ, ಅದೂ ಸಾಮಾನ್ಯವಾಗಿ ಇನ್ನೊಬ್ಬರ ಅಡುಗೆಮನೆ. ಹಪ್ಪಳ ಒತ್ತುವುದು, ಹೂರಣ ರುಬ್ಬುವುದು, ಮದುವೆ ಮನೆಯಲ್ಲಿ ಬಾಂಡಲಿಯ ಮುಂದೆ ಕೂರುವುದು ಎಲ್ಲವೂ ಊಟ-ಬಟ್ಟೆಗೆ ಮಾಡುವ ಕೆಲಸ. ಅದೇ ಕೆಲಸಕ್ಕೆ ಸುಬ್ಬಮ್ಮ ಬೆಲೆ ಕಟ್ಟಿದರು, ಆ ಬೆಲೆಯನ್ನು ಜನ ಕೊಟ್ಟರು. ನನ್ನ ಮಟ್ಟಿಗೆ ಗಾಂಧಿ ಬಜಾರಿನ ದೊಡ್ಡ ಸಂಗತಿ ಇದು. ಈ ಅಂಗಡಿಗಳ ಬೆಲೆಯ ಬಗ್ಗೆ ಮಾತಾಡುವಾಗಲೆಲ್ಲ ಇದನ್ನು ನೆನೆಯಬೇಕು.

ಬೆಲೆಯ ಮಾತು ಇಲ್ಲಿ ದಿನವೂ ಇದ್ದದ್ದೇ. "ಏನ್ರೀ ಇದು, ಕಾಲು ಕೆಜಿ ಕೋಡುಬಳೆಗೆ ನೂರು ರೂಪಾಯಿ ಮೇಲಾಯ್ತಲ್ಲ!" ಎಂದು ಹಿರಿಯರೊಬ್ಬರು ಪರ್ಸು ತೆಗೆಯುತ್ತಲೇ ಗೊಣಗುತ್ತಾರೆ. "ಎಣ್ಣೆ ರೇಟು ನೋಡಿ ಸಾರ್, ಕೊಬ್ಬರಿ ರೇಟು ನೋಡಿ," ಎಂದು ಕೌಂಟರಿನಲ್ಲಿರುವವರು ತೂಕ ಮಾಡುತ್ತಲೇ ಉತ್ತರ ಕೊಡುತ್ತಾರೆ. ಪಕ್ಕದ ಸೂಪರ್‌ಮಾರ್ಕೆಟ್ಟಿನಲ್ಲಿ ಬಣ್ಣದ ಪೊಟ್ಟಣದ ಖಾರ ಇದಕ್ಕಿಂತ ಅಗ್ಗ ಎನ್ನುವುದು ಇಬ್ಬರಿಗೂ ಗೊತ್ತು.

ಕೋಡುಬಳೆಯನ್ನೇ ತೆಗೆದುಕೊಳ್ಳಿ. ಅಕ್ಕಿಹಿಟ್ಟು, ಚಿರೋಟಿ ರವೆ, ಹುರಿಗಡಲೆ ಹಿಟ್ಟು, ಜೊತೆಗೆ ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು ಸೇರಿಸಿ ರುಬ್ಬಿದ ಖಾರ. ಇದರ ಮೇಲೆ ಕಾದ ಎಣ್ಣೆ ಸುರಿದಾಗ ಚುರ್ ಎನ್ನಬೇಕು. ಹಿಟ್ಟನ್ನು ಗಟ್ಟಿಯಾಗಿ ಕಲೆಸಿ, ನಿಂಬೆ ಗಾತ್ರದ ಉಂಡೆ ಮಾಡಿ, ಮಣೆಯ ಮೇಲೆ ಅಂಗೈಯಲ್ಲಿ ಹೊಸೆದು, ಎರಡು ತುದಿ ತಂದು ಬೆರಳಿನಿಂದ ಒತ್ತಿ ಕೂಡಿಸಬೇಕು. ಒತ್ತಿದ್ದು ಸಾಲದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಹಿಟ್ಟು ಒಣಗಿದ್ದರೆ ಹೊಸೆಯುವಾಗಲೇ ಬಿರಿಯುತ್ತದೆ. ಚಕ್ಕುಲಿಗೆ ಒರಳಿದೆ, ಈಗ ಮೋಟಾರಿನ ಒರಳೂ ಬಂದಿದೆ. ಒಳ್ಳೆಯ ಕೋಡುಬಳೆಗೆ ಇನ್ನೂ ಕೈಯೇ ಬೇಕು. ಒಂದು ಕೆಜಿ ಆಗಬೇಕಾದರೆ ನೂರರ ಆಸುಪಾಸು ಬಳೆ ಹೊಸೆಯಬೇಕಾಗುತ್ತದೆ. ಆಮೇಲೆ ಬಾಂಡಲಿ. ಉರಿ ಜೋರಾದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿದು ಮಾರನೆಯ ದಿನಕ್ಕೆ ಮೆತ್ತಗಾಗುತ್ತದೆ. ಸಣ್ಣ ಉರಿಯಲ್ಲಿ ಎಣ್ಣೆಯ ನೊರೆ ಪೂರ್ತಿ ಅಡಗುವವರೆಗೆ ಕಾಯಬೇಕು. ನೊರೆ ಅಡಗಿತೆಂದರೆ ಹಿಟ್ಟಿನ ನೀರಿನಂಶ ಹೋಯಿತೆಂದು ಅರ್ಥ. ಅಷ್ಟು ಹೊತ್ತೂ ಗ್ಯಾಸ್ ಉರಿಯುತ್ತಿರುತ್ತದೆ, ಒಬ್ಬರು ಬಾಂಡಲಿಯ ಮುಂದೆ ನಿಂತೇ ಇರುತ್ತಾರೆ.

ಇನ್ನು ಸಾಮಾನಿನ ಬೆಲೆ. ಭಾರತ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಅಡುಗೆ ಎಣ್ಣೆಗಳ ಮೇಲಿನ ಒಟ್ಟು ಆಮದು ಸುಂಕ ಶೇ 5.5ರಿಂದ ಶೇ 27.5ಕ್ಕೆ ಏರಿತು, 2025ರ ಮೇ ಕೊನೆಯಲ್ಲಿ ಶೇ 16.5ಕ್ಕೆ ಇಳಿಯಿತು. ಕೊಬ್ಬರಿಯದು ಇನ್ನೂ ದೊಡ್ಡ ಏರಿಕೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಅದು 25,000 ದಾಟಿತು. ವರ್ಷಗಟ್ಟಲೆ ಸೋತಿದ್ದ ತೆಂಗಿನ ಬೆಳೆಗಾರನಿಗೆ ಅದು ನ್ಯಾಯವಾಗಿಯೇ ಬಂದ ಲಾಭ. ಕೊಬ್ಬರಿ ಇಲ್ಲದೆ ಚಟ್ನಿಪುಡಿಯಿಲ್ಲ, ಕೋಡುಬಳೆಯಿಲ್ಲ, ಎಳ್ಳು-ಬೆಲ್ಲವಿಲ್ಲ ಎನ್ನುವ ಅಂಗಡಿಗೆ ಮಾತ್ರ ಅದು ನುಂಗಲಾರದ ತುತ್ತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಹೆಚ್ಚು. ಬೇರೆ ತಳಿಯ ಅಗ್ಗದ ಮೆಣಸಿನಕಾಯಿ ಹಾಕಿ ಬಣ್ಣ ಬೆರೆಸಿದರೆ ಖರ್ಚು ಉಳಿಯುತ್ತದೆ, ಆದರೆ ಸಾರು ಕುದಿಯುವಾಗ ಗೊತ್ತಾಗಿಬಿಡುತ್ತದೆ.

ಎಣ್ಣೆಯಲ್ಲೂ ಉಳಿಸುವ ದಾರಿಯಿದೆ. ಅದು ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವುದು. ಎಣ್ಣೆ ಪದೇ ಪದೇ ಕಾದಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ಮೀರಿದರೆ ಆ ಎಣ್ಣೆ ಬಳಸಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ನಿಯಮ ಓದದ ಗಿರಾಕಿಗೂ ಒಂದು ಪರೀಕ್ಷೆ ಇದೆ. ನಿಪ್ಪಟ್ಟನ್ನು ಮುರಿದು ಮೂಸಿ ನೋಡಿ. ಕಡಲೆಬೀಜ, ಕರಿಬೇವು ಮೂಗಿಗೆ ಬಂದರೆ ಸರಿ. ಎಣ್ಣೆಯ ಕಮಟೇ ಮೊದಲು ಬಂದರೆ ಹಣ ವಾಪಸ್ ಜೇಬಿಗಿಡಿ. ಹೆಸರಾದ ಬೀದಿಯಲ್ಲಿದೆ ಎಂದ ಮಾತ್ರಕ್ಕೆ ಎಲ್ಲ ಅಂಗಡಿಯೂ ಒಂದೇ ಅಲ್ಲ. ಹಳೆಯ ಹೆಸರನ್ನು ಬೋರ್ಡಿನಲ್ಲಿ ಉಳಿಸಿಕೊಂಡು ಸರಕನ್ನು ಬೇರೆಲ್ಲಿಂದಲೋ ತರಿಸುವವರೂ ಇದ್ದಾರೆ.

ತೆರಿಗೆಯ ಕಡೆಯಿಂದ ಸ್ವಲ್ಪ ಹಗುರವಾಗಿದೆ. ಪೊಟ್ಟಣ ಕಟ್ಟಿದ ಖಾರದ ತಿಂಡಿಯ ಮೇಲೆ ಶೇ 12 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5 ಆಯಿತು. ಹಪ್ಪಳಕ್ಕೆ ತೆರಿಗೆಯೇ ಇಲ್ಲ. ಆದರೆ ಅದಕ್ಕೆ ಎರಡು ತಿಂಗಳ ಮುಂಚೆ ಇಂಥ ಅಂಗಡಿಗಳ ನಿದ್ದೆ ಕೆಟ್ಟಿತ್ತು. ಯುಪಿಐ ಮೂಲಕ ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಹಣ ಬಂದಿದೆ ಎಂದು ಬೆಂಗಳೂರಿನ ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸುಗಳು ಬಂದವು. ನಗರದ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡವು. ಹಳೆಯ ಬಾಕಿ ಕೇಳುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ಸರ್ಕಾರ ಹೇಳಿದ ಮೇಲೆ ಗಾಬರಿ ಇಳಿಯಿತು. ಕಾಲು ಕೆಜಿ, ಅರ್ಧ ಕೆಜಿ ತೂಗುವ ಅಂಗಡಿಯ ವಹಿವಾಟು 40 ಲಕ್ಷ ದಾಟುವುದು ಕಷ್ಟವೇನಲ್ಲ. ದಿನಕ್ಕೆ ಹನ್ನೊಂದು ಸಾವಿರ ರೂಪಾಯಿ ವ್ಯಾಪಾರವಾದರೆ ದಾಟಿತು. ಅದರಲ್ಲಿ ಎಣ್ಣೆ, ಕೊಬ್ಬರಿ, ಗ್ಯಾಸು, ಬಾಡಿಗೆ, ಕೂಲಿ ಕಳೆದು ಉಳಿಯುವುದೆಷ್ಟು ಎನ್ನುವುದು ಬೇರೆಯೇ ಲೆಕ್ಕ.

ಕೂಲಿಯ ವಿಷಯಕ್ಕೆ ಬಂದರೆ ಅವರೆಕಾಳಿನ ಕಾಲ ನೆನಪಾಗುತ್ತದೆ. ಮಾಗಡಿ ಕಡೆಯ ಸೊಗಡು ಅವರೆ ಬರುವ ಚಳಿಗಾಲದಲ್ಲಿ ಈ ಕಪಾಟುಗಳಲ್ಲಿ ಅವರೆಬೇಳೆ ಮಿಕ್ಸ್ಚರ್ ರಾಜ. ವಿ.ವಿ. ಪುರಂನ ವಾಸವಿ ಕಾಂಡಿಮೆಂಟ್ಸ್‌ನವರು ಇದಕ್ಕಾಗಿಯೇ ವರ್ಷವರ್ಷ ಮೇಳ ನಡೆಸುತ್ತಾರೆ. ಅಲ್ಲಿನ ತಿಂಡಿ ಬೀದಿಯಲ್ಲಿ ನಡೆಯುತ್ತಿದ್ದ ಮೇಳ 2023ರಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಬಂತು. ಹಿತಕಿದ ಬೇಳೆ ಮಾಡುವುದನ್ನು ಒಮ್ಮೆ ಕಂಡವರು ಅದರ ಬೆಲೆಯ ಬಗ್ಗೆ ತುಟಿ ಬಿಚ್ಚಲಾರರು. ಕಾಯಿ ಸುಲಿದು ಕಾಳು ತೆಗೆಯಬೇಕು. ಒಂದು ಕೆಜಿ ಕಾಯಿಗೆ ಅರ್ಧ ಕೆಜಿ ಕಾಳೂ ಸಿಗುವುದಿಲ್ಲ. ಅದನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಬೆಳಗ್ಗೆ ಒಂದೊಂದೇ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹಿತುಕಿದರೆ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಜಾರುತ್ತದೆ. ನೀರಲ್ಲಿ ಗಂಟೆಗಟ್ಟಲೆ ಆಡಿದ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗುತ್ತವೆ. ನಮ್ಮ ಅಜ್ಜಿಯಂದಿರು ಇದನ್ನು ಮಾತಾಡುತ್ತಾ ಮಾಡುತ್ತಿದ್ದರು. ಯಾರೂ ಗಂಟೆ ಎಣಿಸಲಿಲ್ಲ, ಯಾರೂ ಒಂದು ಪೈಸೆ ಕೊಡಲಿಲ್ಲ. 'ಮನೆಯಲ್ಲಿ ಮಾಡಿದರೆ ಇದರ ಅರ್ಧ ಖರ್ಚು' ಎನ್ನುವ ಮಾತು ಹುಟ್ಟಿದ್ದು ಆ ಎಣಿಸದ ಗಂಟೆಗಳಿಂದ. ಆದ್ದರಿಂದ ನಾನು ಈ ಅಂಗಡಿಗಳನ್ನು ದುಬಾರಿ ಎಂದು ಕರೆಯಲು ಒಪ್ಪುವುದಿಲ್ಲ. ಮನೆಯ ಹೆಂಗಸರಿಂದ ಪುಕ್ಕಟೆ ಪಡೆದು ಅಭ್ಯಾಸವಾದದ್ದಕ್ಕೆ ಇಲ್ಲಿ ಮೊದಲ ಸಲ ಬಿಲ್ಲು ಬರುತ್ತಿದೆ.

ಹಾಗೆಂದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಬಿಲ್ಲಿನ ಹಣ ಹಿತುಕುವ ಬೆರಳಿಗೆ ಎಷ್ಟು ತಲುಪುತ್ತದೆ? ಅಂಗಡಿಯ ಹಿಂದಿನ ಕೋಣೆಯಲ್ಲೋ, ದೂರದ ಬಡಾವಣೆಯ ಶೆಡ್ಡಿನಲ್ಲೋ ಕೂತು ಹೊಸೆಯುವ, ಲಟ್ಟಿಸುವ ಹೆಂಗಸರು ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಬೆಲೆ ಏರಿದಾಗ ಎಣ್ಣೆಯನ್ನು ತೋರಿಸುವ ಕೌಂಟರು ಕೂಲಿಯನ್ನು ತೋರಿಸಿದ್ದನ್ನು ನಾನು ಕೇಳಿಲ್ಲ. ಸುಬ್ಬಮ್ಮನವರ ಅಂಗಡಿ ಇರುವ ಬೀದಿಯಲ್ಲಿ ಈ ಪ್ರಶ್ನೆಯನ್ನು ಗಿರಾಕಿ ಕೇಳಬೇಕು. ಬೆಲೆ ಇನ್ನು ಹತ್ತು ರೂಪಾಯಿ ಏರಿ ಅದು ಅವರಿಗೆ ಹೋಗುವುದಾದರೆ ಕೊಡಲೂ ಬೇಕು. ಅಲ್ಲದೆ, ಹಿಂದೆ ಇಂಥ ತಿಂಡಿ ಬಿಕರಿಯಾಗುತ್ತಿದ್ದದ್ದು ರುಚಿಯ ಜೊತೆಗೆ ಮಡಿಯ ನಂಬಿಕೆಯಿಂದಲೂ. ಯಾವ ಜಾತಿಯ ಕೈ ಎಂದು ತಿಳಿದುಕೊಂಡು ಕೊಳ್ಳುತ್ತಿದ್ದರು. ಆ ವಿಚಾರಣೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಅದು ಹೋದಷ್ಟೂ ಒಳ್ಳೆಯದು. ಕೋಡುಬಳೆಗೆ ಬೇಕಾದದ್ದು ಹದ ಬಲ್ಲ ಕೈ.

ದೊಡ್ಡ ಕಂಪನಿಗಳು ಇದೇ ರುಚಿಯನ್ನು ಡಬ್ಬಿಗೆ ತುಂಬಿ ದೇಶವಿಡೀ ಕಳಿಸಿವೆ. 1924ರಲ್ಲಿ ಹೋಟೆಲಾಗಿ ಶುರುವಾದ ಎಂಟಿಆರ್ ಹೆಸರಿನ ಮಸಾಲೆ ಪುಡಿಗಳ ಉದ್ಯಮವನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಕೊಂಡಿತು. ಆ ಪುಡಿ ಎಲ್ಲೆಡೆ ಒಂದೇ ರುಚಿ ಕೊಡುತ್ತದೆ, ಅದೇ ಅದರ ಬಲ. ಗಾಂಧಿ ಬಜಾರಿನಲ್ಲಿ ಒಂದು ಅಂಗಡಿಯ ಹುಳಿಪುಡಿಯಲ್ಲಿ ಕೊತ್ತಂಬರಿ ಮುಂದು, ಪಕ್ಕದ ಅಂಗಡಿಯದರಲ್ಲಿ ಮೆಂತ್ಯ ಮುಂದು. ತಲೆಮಾರಿನಿಂದ ಒಂದೇ ಅಂಗಡಿಗೆ ಬರುವ ಕುಟುಂಬಗಳು ಬೇರೆಡೆಗೆ ಹೊಂದಿಕೊಳ್ಳಲಾರವು. ಮಗಳು ಡಲ್ಲಾಸಿನಲ್ಲೋ ಸಿಡ್ನಿಯಲ್ಲೋ ಇದ್ದರೆ, ರಜೆ ಮುಗಿಸಿ ಹೊರಡುವ ಹಿಂದಿನ ದಿನ ತಾಯಿ ಇಲ್ಲಿಗೆ ಬಂದು ನಿಲ್ಲುತ್ತಾರೆ. "ಫಾರಿನ್‌ಗಾ ಅಮ್ಮಾ? ಡಬಲ್ ಪ್ಯಾಕ್ ಮಾಡ್ತೀನಿ," ಎಂದು ಅಂಗಡಿಯವರೇ ಕೇಳುತ್ತಾರೆ. ಚಟ್ನಿಪುಡಿ ಎರಡು ಕವರಿನೊಳಗೆ ಸೀಲಾಗುತ್ತದೆ, ಚಕ್ಕುಲಿ ಮುರಿಯದಂತೆ ಗಟ್ಟಿ ಡಬ್ಬಿಗೆ ಇಳಿಯುತ್ತದೆ.

ಈ ಬೀದಿಗೆ ಬರುವವರಿಗೆ ಒಂದೆರಡು ಸೂಚನೆ. ಒಬ್ಬಟ್ಟು ಬೇಕಾದರೆ ಬೆಳಗ್ಗೆಯೇ ಬನ್ನಿ, ಅಂದೇ ತಿನ್ನಿ. ಕಾಯಿ ಒಬ್ಬಟ್ಟು ಬೇಳೆಯದಕ್ಕಿಂತ ಒಂದೆರಡು ದಿನ ಹೆಚ್ಚು ತಾಳುತ್ತದೆ. ಪುಡಿಗಳನ್ನು ಕಾಲು ಕೆಜಿಗಿಂತ ಹೆಚ್ಚು ಒಯ್ಯಬೇಡಿ, ಒಂದು ತಿಂಗಳ ಮೇಲೆ ಘಮ ಇಳಿಯುತ್ತದೆ. ಗೋಕುಲಾಷ್ಟಮಿಯ ಚಕ್ಕುಲಿ, ಮುಚ್ಚೋರೆಗೆ ವಾರ ಮೊದಲೇ ಹೇಳಿಡಬೇಕು, ಇಲ್ಲವಾದರೆ ಹಬ್ಬದ ಹಿಂದಿನ ಸಂಜೆ ಬರಿಗೈ. ಸಂಕ್ರಾಂತಿಯ ಎಳ್ಳು-ಬೆಲ್ಲ ಡಿಸೆಂಬರ್ ಕೊನೆಯಲ್ಲೇ ಕಪಾಟಿಗೆ ಬರುತ್ತದೆ. ಕೊಬ್ಬರಿಯ ಚೂರುಗಳನ್ನು ಗಮನಿಸಿ ಕೊಳ್ಳಿ: ಕೈಯಲ್ಲಿ ಹೆಚ್ಚಿದ್ದಾದರೆ ಚೂರುಗಳು ಒಂದರಂತೆ ಒಂದಿರುವುದಿಲ್ಲ, ಬೆಲೆಯೂ ಕೊಂಚ ಜಾಸ್ತಿ. ಹೊಸ ಅರಳು ಸಂಡಿಗೆಗೆ ಏಪ್ರಿಲ್ ದಾಟಬೇಕು. ಅದನ್ನು ಒಣಗಿಸಲು ಅಂಗಡಿಯವರಿಗೂ ಬಿಸಿಲೇ ಬೇಕು.