ಹಿಮಾಂಗಣದ ತರುಣರು

ಡಿಸೆಂಬರ್ ತಿಂಗಳ 26ನೆಯ ತಾರೀಖು, ಕ್ರಿಸ್‌ಮಸ್ ಹಬ್ಬದ ಮರುದಿನ, ಶೀತದೇಶಗಳ ನೆಲವೆಲ್ಲ ಹಿಮದ ಹೊದಿಕೆಯ ಕೆಳಗೆ ಅಡಗಿ ಹಗಲು ಅಪರಾಹ್ಣದಲ್ಲಿಯೇ ಮುಗಿದುಹೋಗುವ ಕಾಲದಲ್ಲಿ, ಹತ್ತು ರಾಷ್ಟ್ರಗಳ ತರುಣರು ಒಂದೆರಡು ನಗರಗಳಲ್ಲಿ ನೆರೆದು, ಜನವರಿಯ ಮೊದಲ ವಾರದವರೆಗೂ ಐಸ್ ಹಾಕಿಯ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ಪಿಗಾಗಿ ಸೆಣಸುತ್ತಾರೆ. ಇಪ್ಪತ್ತು ವರ್ಷ ತುಂಬದವರಿಗೆ ಮಾತ್ರ ಮೀಸಲಾದ ಈ ಪಂದ್ಯಾವಳಿ ಆ ದೇಶಗಳಲ್ಲಿ, ಅದರಲ್ಲಿಯೂ ಕೆನಡಾದಲ್ಲಿ, ವರ್ಷಾಂತ್ಯದ ಹಬ್ಬದ ಅಂಗವೇ ಆಗಿಹೋಗಿದೆ. ಇದರ ಅರ್ಧ ಶತಮಾನದ ಚರಿತ್ರೆಯನ್ನು ಗಮನವಿಟ್ಟು ನೋಡಿದವರಿಗೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅಂಗಣದಲ್ಲಿ ಪರೀಕ್ಷೆಗೆ ಒಳಗಾಗುವವರು ಹುಡುಗರಾದರೂ, ಫಲಿತಾಂಶ ಬರುವುದು ಬಹುಮಟ್ಟಿಗೆ ಅವರನ್ನು ಬೆಳೆಸಿದ ಹಿರಿಯರದು.

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನಗಳು, ಅಲ್ಲಿ ಮನೆತನಗಳು ತಂಡಕಟ್ಟಿ ಆಡುವ ಉತ್ಸವ. ಹಿಮದ ಹಾಕಿ ಬೇರೆಯೇ ಒಂದು ಲೋಕ. ಅರುವತ್ತು ಮೀಟರ್ ಉದ್ದದ, ಸುತ್ತಲೂ ಹಲಗೆಯ ಗೋಡೆ ಕಟ್ಟಿದ ಮಂಜುಗಡ್ಡೆಯ ಅಂಗಣದಲ್ಲಿ ಕಡೆಗೆ ಆರಾರು ಮಂದಿ, ಕಾಲಿಗೆ ಉಕ್ಕಿನ ಅಲಗಿನ ಸ್ಕೇಟುಗಳನ್ನು ತೊಟ್ಟು ಆಡುತ್ತಾರೆ. ಚೆಂಡಿನ ಸ್ಥಾನದಲ್ಲಿ ಪಕ್ ಎಂಬ ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆಯಿರುತ್ತದೆ. ಅದು ಪುಟಿಯದೆ ಜಾರಲೆಂದು ಆಟಕ್ಕೆ ಮುನ್ನ ಅದನ್ನು ಶೀತದಲ್ಲಿಟ್ಟು ಹೆಪ್ಪುಗಟ್ಟಿಸುವುದುಂಟು. ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಪೂರ್ಣವೇಗದ ಓಟ ಶರೀರವನ್ನು ಎಷ್ಟು ಬೇಗ ಸೋಲಿಸುತ್ತದೆಂದರೆ, ಆಟಗಾರನು ಮುಕ್ಕಾಲು ನಿಮಿಷದಷ್ಟು ಆಡಿ ಬೆಂಚಿಗೆ ಮರಳುವನು, ಆಟ ನಿಲ್ಲದೆಯೇ ಇನ್ನೊಬ್ಬನು ಗೋಡೆ ಹಾರಿ ಒಳಗೆ ಇಳಿಯುವನು. ಎದುರಾಳಿಯನ್ನು ಭುಜದಿಂದ ನೂಕುವುದು ಇಲ್ಲಿ ನಿಯಮಸಮ್ಮತ. ಆದರೆ ಮಿತಿಮೀರಿದವನು ಎರಡು ನಿಮಿಷ ಹೊರಗೆ ಕುಳಿತಿರಬೇಕು, ಅಲ್ಲಿಯವರೆಗೂ ಅವನ ತಂಡ ಒಬ್ಬನಿಲ್ಲದೆಯೇ ಆಡಬೇಕು. ಒಬ್ಬನ ಕೋಪಕ್ಕೆ ಎಲ್ಲರೂ ದಂಡ ತೆರುವ ಈ ವಿಧಾನ ತರುಣರ ಆಟಕ್ಕೆ ಅತ್ಯಂತ ಉಚಿತವಾದುದೆಂದು ನನ್ನ ಭಾವನೆ.

1974ರಲ್ಲಿ ಲೆನಿನ್‌ಗ್ರಾಡ್ ನಗರದಲ್ಲಿ ಆಹ್ವಾನಿತ ತಂಡಗಳ ಕೂಟವಾಗಿ ಪ್ರಾರಂಭವಾದ ಈ ಪಂದ್ಯಾವಳಿಗೆ 1977ರಲ್ಲಿ, ಅಂದಿನ ಚೆಕೊಸ್ಲೊವಾಕಿಯಾದಲ್ಲಿ ನಡೆದಾಗ, ಅಂತರರಾಷ್ಟ್ರೀಯ ಐಸ್ ಹಾಕಿ ಸಂಸ್ಥೆಯ ಅಧಿಕೃತ ಮುದ್ರೆ ಬಿದ್ದಿತು. ಆರಂಭದ ವರ್ಷಗಳು ಸೋವಿಯತ್ ಒಕ್ಕೂಟದವು. 1977ರಿಂದ 1980ರವರೆಗಿನ ನಾಲ್ಕು ಸ್ವರ್ಣಗಳನ್ನೂ ಅದೇ ಗೆದ್ದಿತು. 1978ರಲ್ಲಿ ಕೆನಡಾದ ತಂಡದಲ್ಲಿದ್ದ ಹದಿನಾರು ವರ್ಷದ ಕೃಶಕಾಯದ ಹುಡುಗನೊಬ್ಬನು ಆರು ಪಂದ್ಯಗಳಲ್ಲಿ, ತಾನು ಹೊಡೆದ ಗೋಲುಗಳೂ ಇತರರ ಗೋಲುಗಳಿಗೆ ನೀಡಿದ ನೆರವೂ ಸೇರಿ, 17 ಅಂಕಗಳನ್ನು ಗಳಿಸಿ ಎಲ್ಲರಿಗಿಂತಲೂ ಮುಂದೆ ನಿಂತನು. ಅವನೇ ಮುಂದೆ ಈ ಆಟದ ಮಹಾಪುರುಷನೆನಿಸಿದ ವೇಯ್ನ್ ಗ್ರೆಟ್ಸ್ಕಿ. ಆದರೂ ಕೆನಡಾಕ್ಕೆ ದೊರೆತುದು ಕಂಚು.

ಆಟದ ತವರೆಂದು ಹೆಮ್ಮೆಪಡುವ ದೇಶ ಹೀಗೆ ಸೋಲುತ್ತಿದ್ದುದಕ್ಕೆ ಕಾರಣ ಹುಡುಗರಲ್ಲಿರಲಿಲ್ಲ. ಸೋವಿಯತ್ತರು ದೇಶದ ಉತ್ತಮೋತ್ತಮರನ್ನು ಆರಿಸಿ, ಬಹುಕಾಲ ಒಟ್ಟಿಗೆ ಅಭ್ಯಾಸಮಾಡಿಸಿ ಕಳುಹಿಸುತ್ತಿದ್ದರೆ, ಕೆನಡಾ ಹಲವು ವರ್ಷ ತನ್ನ ಜೂನಿಯರ್ ಕ್ಲಬ್ಬುಗಳ ಪೈಕಿ ಗೆದ್ದ ಯಾವುದೋ ಒಂದನ್ನು, ಅತ್ತಿತ್ತ ಕೆಲವರನ್ನು ಸೇರಿಸಿ, ಕಳುಹಿಸಿ ಕೈತೊಳೆದುಕೊಳ್ಳುತ್ತಿತ್ತು. 1981ರಲ್ಲಿ ಏಳನೆಯ ಸ್ಥಾನಕ್ಕೆ ಇಳಿದ ಬಳಿಕವೇ ಅಲ್ಲಿನ ಆಡಳಿತಗಾರರಿಗೆ ಕಣ್ತೆರೆದುದು. ದೇಶದ ಮೂಲೆಮೂಲೆಗಳಿಂದ ಆಯ್ಕೆ, ಬೇಸಗೆಯಲ್ಲಿಯೇ ಶಿಬಿರ, ಒಬ್ಬ ತರಬೇತುದಾರನ ಹೊಣೆ — ಇಷ್ಟನ್ನು ಒಳಗೊಂಡ ಒಂದು ಯೋಜನೆಯನ್ನು ಅವರು ರೂಪಿಸಿದರು. ಡೇವ್ ಕಿಂಗ್ ತರಬೇತುದಾರರಾದರು. ಮರುವರ್ಷವೇ ಆ ತಂಡ ವಿನಿಪೆಗ್‌ನಲ್ಲಿ ಸೋವಿಯತ್ತರನ್ನು 7–0 ಅಂತರದಿಂದ ಸೋಲಿಸಿತು. ಕೊನೆಯ ಪಂದ್ಯದಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ರಾಚೆಸ್ಟರಿನಲ್ಲಿ, ಚೆಕೊಸ್ಲೊವಾಕಿಯಾದೊಡನೆ 3–3ರ ಸಮಬಲ ಸಾಧಿಸಿ, ಅಂಕಪಟ್ಟಿಯ ಅಗ್ರಸ್ಥಾನದಿಂದ ಮೊದಲ ಬಾರಿಗೆ ಸ್ವರ್ಣ ಪಡೆಯಿತು. ವಿಜೇತರ ರಾಷ್ಟ್ರಗೀತೆಯ ಧ್ವನಿಮುದ್ರಿಕೆ ಅಲ್ಲಿ ಸಿದ್ಧವಿರಲಿಲ್ಲ. ಹುಡುಗರು ನೀಲಿ ಗೆರೆಯ ಮೇಲೆ ಸಾಲಾಗಿ ನಿಂತು, ಹೆಗಲಿಗೆ ಹೆಗಲು ಸೇರಿಸಿ, ತಾವೇ ಅದನ್ನು ಹಾಡಿದರು. ಅದೂ ಸೇರಿ 2023ರವರೆಗೆ ಕೆನಡಾ ಗಳಿಸಿದ ಸ್ವರ್ಣಗಳ ಸಂಖ್ಯೆ 20.

ಇದಕ್ಕೆ ತದ್ವಿರುದ್ಧವಾದ ಅಧ್ಯಾಯವೂ ಉಂಟು. 1987ರ ಜನವರಿ 4ರಂದು, ಚೆಕೊಸ್ಲೊವಾಕಿಯಾದ ಪಿಯೆಶ್ಟ್ಯಾನಿ ಎಂಬ ಸ್ನಾನತೀರ್ಥಗಳ ಊರಿನಲ್ಲಿ, ಕೆನಡಾ ಮತ್ತು ಸೋವಿಯತ್ ತಂಡಗಳು ಎದುರಾದುವು. ಕೆನಡಾಕ್ಕೆ ಪದಕ ಖಚಿತವಾಗಿತ್ತು, ಐದು ಗೋಲುಗಳ ಅಂತರದಿಂದ ಗೆದ್ದರೆ ಸ್ವರ್ಣವೇ ಲಭ್ಯವಿತ್ತು; ಸೋವಿಯತ್ತರಿಗೆ ಪದಕದ ಆಸೆ ಅಳಿದಿತ್ತು. ಎರಡನೆಯ ಅವಧಿಯಲ್ಲಿ, ಕೆನಡಾ 4–2ರಿಂದ ಮುಂದಿರುವಾಗ, ಇಬ್ಬರ ನಡುವೆ ಹೊತ್ತಿದ ಜಗಳ ಕ್ಷಣಮಾತ್ರದಲ್ಲಿ ಅಂಗಣವನ್ನೆಲ್ಲ ವ್ಯಾಪಿಸಿತು. ಬೆಂಚುಗಳು ಬರಿದಾದುವು, ರೆಫರಿಗಳು ತಡೆಯಲಾರದೆ ಹೊರಗೆ ನಡೆದರು. ಬೇರೆ ಉಪಾಯ ಕಾಣದ ವ್ಯವಸ್ಥಾಪಕರು ಕ್ರೀಡಾಂಗಣದ ದೀಪಗಳನ್ನೇ ಆರಿಸಿಬಿಟ್ಟರು. ಕತ್ತಲೆಯಲ್ಲಿಯೂ ಹೊಡೆದಾಟ ನಡೆಯಿತು. ಕೆನಡಾದ ಬೆಂಚಿನಲ್ಲಿ ಕದಲದೆ ಕುಳಿತಿದ್ದ ಹದಿನೇಳು ವರ್ಷದ ಪಿಯೆರ್ ಟರ್ಜನ್‌ನನ್ನು ಜೊತೆಗಾರರು ಬಹುಕಾಲ ಕ್ಷಮಿಸಲಿಲ್ಲ. ನನ್ನ ದೃಷ್ಟಿಯಲ್ಲಿ ಆ ರಾತ್ರಿ ವಿವೇಕ ಕಾಯ್ದುಕೊಂಡವರಲ್ಲಿ ಅವನೊಬ್ಬನು. ಎರಡೂ ತಂಡಗಳನ್ನು ಪಂದ್ಯಾವಳಿಯಿಂದಲೇ ಹೊರಗಟ್ಟಲಾಯಿತು, ಸ್ವರ್ಣ ಫಿನ್ಲೆಂಡಿಗೆ ಸಂದಿತು. ಆ ಹುಡುಗರೊಳಗೆ ಶಾಶ್ವತವಾದ ವೈರವೇನೂ ಉಳಿಯಲಿಲ್ಲ. ಅಂದು ಎದುರುಬದುರಾಗಿದ್ದ ಕೆನಡಾದ ಬ್ರೆಂಡನ್ ಶಾನಹನ್, ಸೋವಿಯತ್ ಪಕ್ಷದ ಸೆರ್ಗೆಯ್ ಫ್ಯೋದೊರೊವ್ ಮತ್ತು ವ್ಲಾದಿಮಿರ್ ಕಾನ್‌ಸ್ಟಾಂಟಿನೊವ್, 1997ರಲ್ಲಿ ಡೆಟ್ರಾಯಿಟ್ ನಗರದ ಒಂದೇ ತಂಡದ ಅಂಗಿ ತೊಟ್ಟು, ಉತ್ತರ ಅಮೆರಿಕದ ವೃತ್ತಿಪರ ಹಾಕಿಯ ಅತ್ಯುನ್ನತ ಬಹುಮಾನವಾದ ಸ್ಟ್ಯಾನ್ಲಿ ಕಪ್ ಗೆದ್ದರು. ರಾಷ್ಟ್ರಗಳ ಶೀತಲ ಹಗೆತನವನ್ನು ಹುಡುಗರ ಹೆಗಲಿಗೆ ಹೊರಿಸಿದವರ ತಪ್ಪು ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ.

ಆ ಹಗೆತನದ ಕೊನೆಯನ್ನೂ ಈ ಪಂದ್ಯಾವಳಿಯೇ ಕಂಡಿತು. 1991ರ ಡಿಸೆಂಬರ್ 26ರಂದು ಜರ್ಮನಿಯ ಫ್ಯೂಸೆನ್ ಪಟ್ಟಣದಲ್ಲಿ ಪಂದ್ಯಗಳು ಆರಂಭವಾದ ದಿನವೇ ಸೋವಿಯತ್ ಒಕ್ಕೂಟ ವಿಧ್ಯುಕ್ತವಾಗಿ ವಿಸರ್ಜನೆಗೊಂಡಿತು. ಒಂದು ರಾಷ್ಟ್ರದ ಹೆಸರಿನಲ್ಲಿ ಆಟಕ್ಕಿಳಿದ ತರುಣರು, ಪಂದ್ಯಾವಳಿ ಮುಗಿಯುವುದರೊಳಗೆ ಸ್ವತಂತ್ರ ರಾಜ್ಯಗಳ ಕೂಟವೆಂಬ ಹೊಸ ಹೆಸರನ್ನು ಹೊತ್ತು, ಸ್ವರ್ಣ ಪದಕವನ್ನು ಆ ಹೆಸರಿನಲ್ಲಿಯೇ ಸ್ವೀಕರಿಸಿದರು.

ವ್ಯಕ್ತಿಪ್ರತಿಭೆಯೊಂದರಿಂದಲೇ ಇಲ್ಲಿ ಗೆಲುವು ಲಭಿಸದು. 1993ರಲ್ಲಿ ಸ್ವೀಡನ್ನಿನ ಪೀಟರ್ ಫೋರ್ಸ್‌ಬರಿ ಏಳು ಪಂದ್ಯಗಳಲ್ಲಿ 31 ಅಂಕಗಳನ್ನು ಗಳಿಸಿದುದು ಇಂದಿಗೂ ಮುರಿಯದ ದಾಖಲೆ. ಅವರ ತಂಡ ತವರಿನಲ್ಲಿಯೇ ಆಡುತ್ತಿದ್ದರೂ ಬೆಳ್ಳಿಗೆ ತೃಪ್ತಿಪಡಬೇಕಾಯಿತು. ಗೆದ್ದೆವೆಂದು ಮೈಮರೆಯುವುದಕ್ಕೂ ಅವಕಾಶವಿಲ್ಲ. 2009ರಲ್ಲಿ ಒಟ್ಟಾವ ನಗರದ ಸೆಮಿಫೈನಲಿನಲ್ಲಿ ರಷ್ಯಾ ಮುಂದಿದ್ದಾಗ, ಆಟ ಮುಗಿಯಲು 5.4 ಸೆಕೆಂಡುಗಳಿರುವಂತೆ ಜೋರ್ಡನ್ ಎಬರ್ಲಿ ಸಮಗೊಳಿಸಿ ಕೆನಡಾವನ್ನು ಉಳಿಸಿದನು. ಎರಡು ವರ್ಷಗಳ ತರುವಾಯ ಬಫಲೋದ ಫೈನಲಿನಲ್ಲಿ ಎರಡು ಅವಧಿ ಮುಗಿದಾಗ 3–0 ಮುಂದಿದ್ದ ಅದೇ ಕೆನಡಾದ ಮೇಲೆ, ರಷ್ಯದ ಹುಡುಗರು ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಐದು ಗೋಲು ಹೊಡೆದು ಸ್ವರ್ಣವನ್ನು ಕೊಂಡೊಯ್ದರು.

ಹತ್ತು ತಂಡಗಳನ್ನು ಐದೈದರ ಎರಡು ಗುಂಪುಗಳಾಗಿ ವಿಂಗಡಿಸುತ್ತಾರೆ. ಕಡೆಗೆ ಉಳಿದ ತಂಡ ಕೆಳಗಿನ ಶ್ರೇಣಿಗೆ ಇಳಿಯುವುದರಿಂದ, ಪದಕದ ಆಸೆಯಿಲ್ಲದ ದೇಶಗಳ ಪಂದ್ಯಗಳೂ ಪ್ರಾಣಪಣದಿಂದ ನಡೆಯುತ್ತವೆ. ರಸಿಕರು ಅವುಗಳನ್ನು ತಪ್ಪಿಸಿಕೊಳ್ಳಬಾರದು. ಜನರ ಉತ್ಸಾಹಕ್ಕೆ ನಿದರ್ಶನವೆಂಬಂತೆ, 2017ರ ಡಿಸೆಂಬರಿನಲ್ಲಿ ಬಫಲೋದ ಬಯಲು ಕ್ರೀಡಾಂಗಣದಲ್ಲಿ, ಸುರಿಯುವ ಹಿಮದ ನಡುವೆ, ಅಮೆರಿಕ ಮತ್ತು ಕೆನಡಾ ಆಡಿದ ಪಂದ್ಯಕ್ಕೆ 44,592 ಮಂದಿ ನೆರೆದಿದ್ದರು.

ಆ ಬಾರಿ ಸ್ವರ್ಣ ಗೆದ್ದುದು ಕೆನಡಾ. ಅದೇ ತಂಡದ ಹೆಸರು ಮುಂದೆ ನೋವಿನ ಪ್ರಸಂಗವೊಂದರಲ್ಲಿ ಕೇಳಿಬಂದಿತು. ತಂಡದ ಕೆಲವರ ಮೇಲೆ ಯುವತಿಯೊಬ್ಬಳು ಹೊರಿಸಿದ ಲೈಂಗಿಕ ದೌರ್ಜನ್ಯದ ಆರೋಪವನ್ನು ಆ ದೇಶದ ಹಾಕಿ ಸಂಸ್ಥೆ ಹಣ ಕೊಟ್ಟು ಗುಟ್ಟಾಗಿ ಇತ್ಯರ್ಥಗೊಳಿಸಿತ್ತೆಂಬ ಸಂಗತಿ 2022ರಲ್ಲಿ ಬಯಲಾಗಿ, ಪ್ರಾಯೋಜಕರು ದೂರ ಸರಿದು, ಅಕ್ಟೋಬರಿನಲ್ಲಿ ಆಡಳಿತ ಮಂಡಲಿಯೇ ಪದತ್ಯಾಗ ಮಾಡಬೇಕಾಯಿತು. ವಿಚಾರಣೆಗೆ ಒಳಗಾದ ಐವರನ್ನು ನ್ಯಾಯಾಲಯ 2025ರ ಜುಲೈಯಲ್ಲಿ ನಿರ್ದೋಷಿಗಳೆಂದು ಬಿಡುಗಡೆಮಾಡಿತು. ನ್ಯಾಯಾಲಯದ ತೀರ್ಪು ಏನೇ ಇರಲಿ, ತರುಣರಿಗೆ ಶೀಲವನ್ನು ಕಲಿಸಬೇಕಾದ ಸಂಸ್ಥೆ ಗೋಪನವನ್ನು ಮೊದಲ ಉಪಾಯವಾಗಿ ಹಿಡಿದುದು ಅಕ್ಷಮ್ಯ. ಆಟದಲ್ಲಿ ಎರಡು ನಿಮಿಷದ ದಂಡವನ್ನು ಎಲ್ಲರೆದುರು ಕುಳಿತು ಅನುಭವಿಸುವಂತೆ ವಿಧಿಸುವವರು, ತಮ್ಮ ತಪ್ಪನ್ನು ಬಾಗಿಲು ಮುಚ್ಚಿಕೊಂಡು ತೀರಿಸಿಕೊಳ್ಳಹೊರಟುದು ಆ ಆಟಕ್ಕೆ ಮಾಡಿದ ದ್ರೋಹ.

ಹುಡುಗರ ಈ ಪಂದ್ಯಾವಳಿಯಂತೆಯೇ ಹದಿನೆಂಟರೊಳಗಿನ ಹೆಣ್ಣುಮಕ್ಕಳಿಗಾಗಿ 2008ರಿಂದ ಪ್ರತ್ಯೇಕ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತಿದೆ. ನಮ್ಮ ದೇಶವೂ ಈ ಆಟದಿಂದ ದೂರವಿಲ್ಲ: ಭಾರತ 1989ರಿಂದ ಅಂತರರಾಷ್ಟ್ರೀಯ ಐಸ್ ಹಾಕಿ ಸಂಸ್ಥೆಯ ಸದಸ್ಯ. ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಆಟ ಕಲಿತವರನ್ನೇ ಬಹುಪಾಲು ನೆಚ್ಚಿಕೊಂಡ ನಮ್ಮ ಮಹಿಳಾ ತಂಡ 2025ರಲ್ಲಿ ಏಷ್ಯಾ ಕಪ್ಪಿನ ಕಂಚನ್ನು ಗೆದ್ದಿತೆಂಬುದು ನಾವೆಲ್ಲ ಸಂತೋಷಪಡಬೇಕಾದ ವಿಷಯ.

ಪಂದ್ಯಗಳು ಕೆನಡಾದ ಪೂರ್ವಭಾಗದಲ್ಲಿ ನಡೆಯುವ ವರ್ಷಗಳಲ್ಲಿ, ಅಲ್ಲಿ ರಾತ್ರಿ ಏಳೂವರೆಗೆ ಶುರುವಾಗುವ ಆಟ ನಮ್ಮಲ್ಲಿ ಮರುದಿನ ಬೆಳಗಿನ ಆರು ಗಂಟೆಗೆ ಬರುತ್ತದೆ. ಮೊದಲ ಬಾರಿ ನೋಡುವ ವಾಚಕರು ಪಕ್ಕನ್ನೇ ಕಣ್ಣಿನಿಂದ ಹಿಂಬಾಲಿಸಹೋಗದೆ, ಅದು ತಮ್ಮ ಬಳಿ ಇಲ್ಲದಾಗ ಹುಡುಗರು ಎತ್ತ ಸಾಗುತ್ತಾರೆಂಬುದನ್ನು ಗಮನಿಸಲಿ. ಆಟದ ಮರ್ಮ ಒಂದೆರಡು ಪಂದ್ಯಗಳಲ್ಲಿಯೇ ಕೈಗೆ ಹತ್ತುತ್ತದೆ.