ಡೀಸೆಲ್ ಏರಿತು, ಬಾಡಿಗೆ ಏರಲಿಲ್ಲ

ಬಳ್ಳಾರಿಯಿಂದ ಪೂರ್ವಕ್ಕೆ ಹೊರಟರೂ ದಕ್ಷಿಣಕ್ಕೆ ಹೊರಟರೂ ಮುಕ್ಕಾಲು ಗಂಟೆಯೊಳಗೆ ಆಂಧ್ರದ ನೆಲ ಸಿಗುತ್ತದೆ. ಸಿರುಗುಪ್ಪದಿಂದ ಆದೋನಿ ರಸ್ತೆ ಹಿಡಿದರೂ ಹಾಗೆಯೇ. 1953ರ ಅಕ್ಟೋಬರ್ 1ರಂದು ಮದ್ರಾಸ್ ರಾಜ್ಯ ಒಡೆದು ಬಳ್ಳಾರಿ, ಸಿರುಗುಪ್ಪ ಮೈಸೂರಿಗೆ ಸೇರಿದವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಅಂದು ಎಳೆದ ಗೆರೆ ಇಂದು ಎದ್ದು ಕಾಣುವುದು ಪೆಟ್ರೋಲ್ ಬಂಕ್‌ಗಳ ದರಪಟ್ಟಿಯಲ್ಲಿ.

ಆಂಧ್ರದಲ್ಲಿ ಡೀಸೆಲ್ ಮೇಲೆ ಶೇ 22.25 ವ್ಯಾಟ್ ಇದೆ. ಅದರ ಮೇಲೆ ಲೀಟರಿಗೆ 4 ರೂಪಾಯಿ ಹೆಚ್ಚುವರಿ ವ್ಯಾಟ್, 1 ರೂಪಾಯಿ ರಸ್ತೆ ಸೆಸ್. ಕರ್ನಾಟಕವು 2021ರ ನವೆಂಬರ್‌ನಲ್ಲಿ ತನ್ನ ತೆರಿಗೆಯನ್ನು ಶೇ 24ರಿಂದ 14.34ಕ್ಕೆ ಇಳಿಸಿತು. ಹೀಗಾಗಿ ಗುಂತಕಲ್ಲು, ಆದೋನಿ ಕಡೆಯ ಲಾರಿಗಳು ಗಡಿ ದಾಟಿದ ಕೂಡಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ರೂಢಿಯಾಯಿತು. ಗಡಿಯ ಬಂಕ್‌ಗಳಿಗೆ ಅದು ಒಳ್ಳೆಯ ಕಾಲ. ಬಂಕ್‌ನ ಆಸುಪಾಸಿನ ಚಹಾದಂಗಡಿ, ಪಂಕ್ಚರ್ ಶಾಪ್, ಖಾನಾವಳಿಗಳಿಗೂ ಅದರಿಂದ ನಾಲ್ಕು ಕಾಸು ಬಂತು.

ಆ ಅಂತರ ಈಗ ಕಿರಿದಾಗಿದೆ. 2024ರ ಜೂನ್ 15ರಂದು ರಾಜ್ಯ ಸರ್ಕಾರ ಡೀಸೆಲ್ ಮಾರಾಟ ತೆರಿಗೆಯನ್ನು ಶೇ 18.44ಕ್ಕೆ ಏರಿಸಿತು. 2025ರ ಏಪ್ರಿಲ್ 1ರಂದು ಅದು ಶೇ 21.17 ಆಯಿತು. ಬೆಂಗಳೂರಿನಲ್ಲಿ 86 ರೂಪಾಯಿಯ ಆಸುಪಾಸಿನಲ್ಲಿದ್ದ ಡೀಸೆಲ್ ಹತ್ತು ತಿಂಗಳೊಳಗೆ 91 ದಾಟಿತು. ಡಿಪೋದಿಂದ ದೂರವಿರುವ ಊರುಗಳಲ್ಲಿ ಸಾಗಣೆ ವೆಚ್ಚವೂ ಸೇರಿ ಇನ್ನಷ್ಟು ಪೈಸೆ ಹೆಚ್ಚು. ಕಚ್ಚಾ ತೈಲದ ಅಂತರರಾಷ್ಟ್ರೀಯ ಬೆಲೆ ಆ ಅವಧಿಯಲ್ಲಿ ಮೇಲೇರಿರಲಿಲ್ಲ, ಏರಿದ್ದು ತೆರಿಗೆ.

ಲೀಟರಿಗೆ 5 ರೂಪಾಯಿ ಎಂದರೆ ಕಾರಿನವರಿಗೆ ದೊಡ್ಡ ಮಾತಲ್ಲ. ಲಾರಿಯ ಲೆಕ್ಕವೇ ಬೇರೆ. ಲೀಟರಿಗೆ 4 ಕಿ.ಮೀ. ಓಡುವ ಗಾಡಿ ತಿಂಗಳಿಗೆ 6,000 ಕಿ.ಮೀ. ಓಡಿದರೆ 1,500 ಲೀಟರ್ ಕುಡಿಯುತ್ತದೆ. ತಿಂಗಳಿಗೆ 7,500 ರೂಪಾಯಿ, ವರ್ಷಕ್ಕೆ 90,000. ಒಂದೇ ಗಾಡಿ ಇಟ್ಟುಕೊಂಡು ತಾನೇ ಸ್ಟೇರಿಂಗ್ ಹಿಡಿಯುವ ಮಾಲೀಕನಿಗೆ ಟೈರು ಬದಲಿಸುವ ಹಣ, ಎಫ್‌ಸಿ ಮಾಡಿಸುವ ಹಣ, ಇನ್ಶೂರೆನ್ಸ್ ಕಟ್ಟುವ ಹಣ ಎಲ್ಲವೂ ಇದರಲ್ಲೇ ಕರಗಿಹೋಗುತ್ತದೆ.

ಈ ಹೊರೆಯನ್ನು ಬಾಡಿಗೆಗೆ ಸೇರಿಸಬಹುದಲ್ಲ ಎಂದು ಕೇಳುವವರಿದ್ದಾರೆ. ವ್ಯಾಪಾರ ಚುರುಕಾಗಿದ್ದಾಗ ಹಾಗೆಯೇ ಆಗುತ್ತದೆ. ಲೋಡ್ ಹೆಚ್ಚಿದ್ದು ಗಾಡಿ ಕಡಿಮೆ ಇದ್ದರೆ ಡೀಸೆಲ್ ಏರಿದ ವಾರದಲ್ಲೇ ಬಾಡಿಗೆಯೂ ಏರುತ್ತದೆ. ಗಾಡಿ ಹೆಚ್ಚಿದ್ದು ಲೋಡ್ ಕಡಿಮೆ ಇದ್ದರೆ, ಹಳೇ ಬಾಡಿಗೆಗೆ ಬರುವುದಾದರೆ ಬಾ, ಇಲ್ಲದಿದ್ದರೆ ಹಿಂದಿನವನು ಕಾಯುತ್ತಿದ್ದಾನೆ ಎಂಬ ಉತ್ತರ ಸಿಗುತ್ತದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಇಂದಿನ ಕಷ್ಟದ ಮೂಲ ಇಲ್ಲಿದೆ. ವ್ಯಾಪಾರ ಮಂದವಾದಾಗ ಏರಿದ ಡೀಸೆಲ್ ದರ ಸರಪಳಿಯ ಕಟ್ಟಕಡೆಯ, ಎಲ್ಲರಿಗಿಂತ ಸಣ್ಣ ವ್ಯಾಪಾರಿಯ ಜೇಬಿಗೆ ಬಂದು ನಿಲ್ಲುತ್ತದೆ.

ಅದಿರಿನ ಕಾಲ ಬಿಟ್ಟುಹೋದ ಗಾಡಿಗಳು

ಗಾಡಿ ಹೆಚ್ಚು, ಲೋಡ್ ಕಡಿಮೆ ಎಂಬ ಸ್ಥಿತಿಯನ್ನು ಬಳ್ಳಾರಿಯಷ್ಟು ಕಠಿಣವಾಗಿ ಕಂಡ ಊರು ರಾಜ್ಯದಲ್ಲಿ ಇನ್ನೊಂದಿರಲಾರದು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವು ಸಂಡೂರು, ಹೊಸಪೇಟೆಯ ಅದಿರಿಗೆ ಹಿಂದೆಂದೂ ಕಾಣದ ಬೆಲೆ ತಂದಿತು. ಅದಿರು ಬೇಲೆಕೇರಿ, ಮಂಗಳೂರು, ಚೆನ್ನೈ, ಕೃಷ್ಣಪಟ್ಟಣದ ಬಂದರುಗಳಿಗೆ ಹೋಗಬೇಕಿತ್ತು. ಹೋಗಲು ಲಾರಿ ಬೇಕಿತ್ತು. ಹೊಲದ ಮೇಲೆ ಸಾಲ ಎತ್ತಿ ಟಿಪ್ಪರ್ ಕೊಂಡವರಿಗೆ ಲೆಕ್ಕವಿರಲಿಲ್ಲ.

2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಸಲ್ಲಿಸಿದರು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ನಾಡು ಲೂಟಿಯಾಗುವುದನ್ನು ತಡೆಯಲು ಆ ಆದೇಶ ಬೇಕೇ ಬೇಕಿತ್ತು. ಆದರೆ ಲೂಟಿಯ ಲಾಭ ಕಾಣದ, ಬರೀ ಬಾಡಿಗೆ ದುಡಿದವರ ಲಾರಿಗಳೂ ರಸ್ತೆ ಬದಿಯಲ್ಲಿ ನಿಂತವು. ಕಂತು ತಪ್ಪಿತು, ಫೈನಾನ್ಸ್‌ನವರು ಗಾಡಿ ಎಳೆದೊಯ್ದರು. 2013ರ ಏಪ್ರಿಲ್‌ನ ತೀರ್ಪು ಉತ್ಪಾದನೆಗೆ ಮಿತಿ ಹಾಕಿತು. ಬಳ್ಳಾರಿಗೆ ಮೊದಲು ವರ್ಷಕ್ಕೆ 25 ದಶಲಕ್ಷ ಟನ್ ಇದ್ದ ಆ ಮಿತಿ 2022ರಲ್ಲಿ 35ಕ್ಕೆ ಏರಿತು.

ಅದಿರು ಮರಳಿ ಬಂದರೂ ಲಾರಿಯ ಕೆಲಸ ಅಷ್ಟೇ ಪ್ರಮಾಣದಲ್ಲಿ ಮರಳಲಿಲ್ಲ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆ ನಂದಿಹಳ್ಳಿಯಿಂದ ಸುಮಾರು 24 ಕಿ.ಮೀ. ಉದ್ದದ ಕೊಳವೆ ಕನ್ವೇಯರ್ ಹಾಕಿಕೊಂಡಿದೆ. ದೂಳು, ಅಪಘಾತ, ರಸ್ತೆ ಹಾಳಾಗುವುದು ಇದರಿಂದ ಕಡಿಮೆಯಾಗುತ್ತದೆ, ಜನರ ಆರೋಗ್ಯಕ್ಕೆ ಒಳ್ಳೆಯದೇ. ಆದರೆ ಆ ದಾರಿಯಲ್ಲಿ ಓಡುತ್ತಿದ್ದ ಗಾಡಿಗಳು ಬೇರೆ ಲೋಡ್ ಹುಡುಕಬೇಕು. ಅವು ಹೊರಳುವುದು ಭತ್ತ, ಮೆಣಸಿನಕಾಯಿ, ಮರಳು, ಸಿಮೆಂಟ್ ಕಡೆಗೆ. ಅಲ್ಲಿ ಮೊದಲೇ ಇರುವ ಗಾಡಿಗಳ ಜೊತೆ ಪೈಪೋಟಿ, ಬಾಡಿಗೆ ಮತ್ತೆ ಕೆಳಕ್ಕೆ.

2025ರ ಏಪ್ರಿಲ್ ಮಧ್ಯದಲ್ಲಿ ರಾಜ್ಯದ ಲಾರಿ ಮಾಲೀಕರು ಡೀಸೆಲ್ ತೆರಿಗೆ, ಟೋಲ್ ಮತ್ತು ಗಡಿ ಚೆಕ್‌ಪೋಸ್ಟ್‌ಗಳ ವಿರುದ್ಧ ಮುಷ್ಕರ ಹೂಡಿದರು. ಸರ್ಕಾರದೊಂದಿಗೆ ಮಾತುಕತೆಯಾಗಿ ಕೆಲವೇ ದಿನಗಳಲ್ಲಿ ಮುಷ್ಕರ ಮುಗಿಯಿತು. ಡೀಸೆಲ್ ತೆರಿಗೆ ಮಾತ್ರ ಇಳಿಯಲಿಲ್ಲ.

ನೀರು ನಿಂತರೆ ಸಿರುಗುಪ್ಪದ ಸಂತೆ ನಿಲ್ಲುತ್ತದೆ

ಸಿರುಗುಪ್ಪ ಭತ್ತದ ಊರು. ತುಂಗಭದ್ರಾ ಬಲದಂಡೆಯ ಕೆಳಮಟ್ಟದ ಕಾಲುವೆ, ನದಿಯಿಂದ ಏತ ನೀರಾವರಿ, ಪಕ್ಕದ ವೇದಾವತಿ, ಇವುಗಳ ಮೇಲೆ ಸೋನಾ ಮಸೂರಿ ನಿಂತಿದೆ. ಊರೊಳಗೆ, ಹೆದ್ದಾರಿಯುದ್ದಕ್ಕೂ ಅಕ್ಕಿ ಗಿರಣಿಗಳು. ಎರಡು ಬೆಳೆ ಬಂದ ವರ್ಷ ಟ್ರ್ಯಾಕ್ಟರ್, ಕಟಾವು ಯಂತ್ರ, ಹಮಾಲರು, ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಬಂಗಾರದ ಅಂಗಡಿ ಎಲ್ಲಕ್ಕೂ ಕೆಲಸ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲವೇ ದಿನಗಳಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂರಿಸಿ ನೀರು ಉಳಿಸಲಾಯಿತು. ಅಂದು ರೈತರು ಬಿಟ್ಟ ನಿಟ್ಟುಸಿರು ಜಿಲ್ಲೆಗೆಲ್ಲ ಗೊತ್ತು. ಆದರೆ 33 ಗೇಟುಗಳೂ ಹಳೆಯವು, ಎಲ್ಲವನ್ನೂ ಬದಲಿಸಬೇಕಿತ್ತು. ಅದಕ್ಕಾಗಿ 2025ರ ಮುಂಗಾರಿನಲ್ಲಿ ಜಲಾಶಯ ಪೂರ್ತಿ ತುಂಬಿಸಲಿಲ್ಲ. ನವೆಂಬರ್‌ನಲ್ಲಿ ನೀರಾವರಿ ಸಲಹಾ ಸಮಿತಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನಿಸಿತು. ರೈತರು ಪ್ರತಿಭಟಿಸಿದರು. ಗೇಟು ಬದಲಿಸುವುದು ಬೇಡವೆಂದು ಯಾರೂ ಹೇಳುವಂತಿಲ್ಲ, ಒಂದು ಬೆಳೆ ಕಳೆದುಕೊಳ್ಳುವುದನ್ನು ಸುಮ್ಮನೆ ಒಪ್ಪುವಂತೆಯೂ ಇಲ್ಲ.

ಒಂದು ಬೆಳೆ ತಪ್ಪಿದರೆ ನಷ್ಟ ಹೊಲದಲ್ಲೇ ನಿಲ್ಲುವುದಿಲ್ಲ. ರೊಳ್ಳೆ ಹೊಡೆಯುವ ಟ್ರ್ಯಾಕ್ಟರಿಗೆ ಬಾಡಿಗೆ ಇಲ್ಲ. ಕಟಾವಿನ ಚೈನ್ ಮಷಿನ್ ಬೇರೆ ಜಿಲ್ಲೆಗೆ ಹೋಗಬೇಕು, ಹೋಗಿಬರುವ ಡೀಸೆಲ್ ಮಾಲೀಕನ ತಲೆಯ ಮೇಲೆ. ಉದ್ರಿ ಗೊಬ್ಬರ ಕೊಟ್ಟ ಅಂಗಡಿಯವರು ಮುಂದಿನ ಸುಗ್ಗಿವರೆಗೆ ಕಾಯಬೇಕು. ಬಂಕ್‌ನವರೂ ಲಾರಿಗೆ, ಟ್ರ್ಯಾಕ್ಟರಿಗೆ ಉದ್ರಿ ಬರೆದುಕೊಂಡೇ ಡೀಸೆಲ್ ಹಾಕುತ್ತಾರೆ. ಆ ಪುಸ್ತಕ ದಪ್ಪವಾದಂತೆ ತೈಲ ಕಂಪನಿಗೆ ಮುಂಗಡ ಕಟ್ಟಲು ಅವರೂ ಸಾಲ ಮಾಡಬೇಕು. ಬಂಕ್ ಡೀಲರ್‌ಗಳ ಕಮಿಷನ್ ಪರಿಷ್ಕರಣೆಯಾದದ್ದೂ 2017ರ ನಂತರ 2024ರ ಅಕ್ಟೋಬರ್‌ನಲ್ಲಿ.

ಗಿರಣಿಗಳದ್ದು ಬೇರೆಯದೇ ಕಥೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಅಂದಿನಿಂದ ಮಾರುಕಟ್ಟೆಯಲ್ಲಿ 26 ಕೆ.ಜಿ. ಚೀಲ ಸಾಮಾನ್ಯವಾಯಿತು. 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧವಾಯಿತು. ತೆರೆದದ್ದು 2024ರ ಸೆಪ್ಟೆಂಬರ್ ಕೊನೆಗೆ. ನಿಯಮ ಬದಲಾದಾಗಲೆಲ್ಲ ಭತ್ತದ ಖರೀದಿ ದರ ಹೊಯ್ದಾಡುತ್ತದೆ. ಭತ್ತ ತಂದ ರೈತ ಅಂದಿನ ದರಕ್ಕೆ ಇಳಿಸಿಹೋಗಬೇಕು. ತುಂಬಿದ ಟ್ರ್ಯಾಕ್ಟರ್ ವಾಪಸ್ ಒಯ್ದರೆ ಮತ್ತೆ ಡೀಸೆಲ್ ಖರ್ಚು.

ಕುರುಗೋಡಿನ ಮೆಣಸಿನಕಾಯಿ, ಬ್ಯಾಡಗಿಯ ದಾರಿ

ದೊಡ್ಡ ಬಸವೇಶ್ವರನ ಊರಾದ ಕುರುಗೋಡಿನ ಸುತ್ತ ಕಾಲುವೆಯ ಭತ್ತದ ಜೊತೆ ಎರೆಹೊಲಗಳಲ್ಲಿ ಮೆಣಸಿನಕಾಯಿ ಬೆಳೆಯುತ್ತದೆ. ಒಣಗಿಸಿದ ಕಾಯಿ ಚೀಲಕ್ಕೆ ತುಂಬಿ ಲಾರಿಗೆ ಹಾಕಿದರೆ ಅದು ಹೋಗುವುದು ಹಾವೇರಿ ಜಿಲ್ಲೆಯ ಬ್ಯಾಡಗಿಗೆ, ಇನ್ನೂರು ಕಿ.ಮೀ. ಆಸುಪಾಸಿನ ದಾರಿ. ಚೀಲದ ಬಾಡಿಗೆ, ಹಮಾಲಿ, ಕೊಳ್ಳುವವರು ಸಿಗದಿದ್ದರೆ ಶೀತಲಗೃಹದ ಬಾಡಿಗೆ, ಎಲ್ಲವೂ ರೈತನದೇ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ದರ ದಿಢೀರನೆ ಕುಸಿದಾಗ ದೂರದಿಂದ ಬಂದ ರೈತರ ಸಿಟ್ಟು ಎಪಿಎಂಸಿ ಕಚೇರಿ ಮತ್ತು ವಾಹನಗಳಿಗೆ ಬೆಂಕಿ ಹಚ್ಚುವ ಮಟ್ಟಕ್ಕೆ ಹೋಯಿತು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ದರ ಒಪ್ಪದ ರೈತನಿಗೆ ಮಾಲು ಮನೆಗೆ ಹೊತ್ತೊಯ್ಯುವ ಶಕ್ತಿ ಇರುವುದಿಲ್ಲ ಎಂಬುದನ್ನು ಆ ದಿನ ತೋರಿಸಿತು. ಬಳ್ಳಾರಿಯಲ್ಲೇ ಮೆಣಸಿನಕಾಯಿ ಮಾರುಕಟ್ಟೆ ಬೇಕೆಂಬ ಬೇಡಿಕೆಯ ಹಿಂದಿರುವುದು ಇದೇ ಲೆಕ್ಕ.

ಕುರುಗೋಡಿನಿಂದ ಬಳ್ಳಾರಿಗೆ ಸೀಟ್ ಲೆಕ್ಕದಲ್ಲಿ ಓಡುವ ಆಟೊ, ಟಂಟಂಗಳಿಗೂ ಎರಡೂ ಕಡೆಯಿಂದ ಬಿಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ ಉಚಿತ. ಕೂಲಿಗೆ, ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಇದು ನಿಜವಾದ ನೆರವು, ಆದರೆ ಆಟೊದ ಸೀಟು ಅಷ್ಟು ಖಾಲಿ. 2025ರ ಜನವರಿ 5ರಂದು ಬಸ್ ದರ ಶೇ 15 ಏರಿತು, ಡೀಸೆಲ್ ವೆಚ್ಚವೂ ಅದಕ್ಕೆ ಕಾರಣವೆಂದು ಸರ್ಕಾರ ಹೇಳಿತು. ನಿಗಮಕ್ಕೆ ದರ ಏರಿಸುವ ಅವಕಾಶವಿದೆ. ಅರ್ಧ ಸೀಟು ಖಾಲಿ ಓಡುವ ಆಟೊದವರಿಗೆ ಆ ಅವಕಾಶವಿಲ್ಲ.

ಜೀನ್ಸ್ ನಗರದ ಉದ್ರಿ ಪುಸ್ತಕ

ಬಳ್ಳಾರಿಯ ಜೀನ್ಸ್‌ಗೆ ದೇಶದ ತುಂಬ ಗಿರಾಕಿಗಳು. ಬ್ರಿಟಿಷರ ಕಾಲದಲ್ಲಿ ದಂಡಿನವರಿಗೆ ಸಮವಸ್ತ್ರ ಹೊಲಿದ ದರ್ಜಿ ಕುಟುಂಬಗಳ ಕಸುಬು ಎಂಬತ್ತರ ದಶಕದ ಹೊತ್ತಿಗೆ ಜೀನ್ಸ್‌ಗೆ ತಿರುಗಿತು. ಒಬ್ಬರು ಕತ್ತರಿಸುತ್ತಾರೆ, ಮನೆಯಲ್ಲಿ ಕುಳಿತ ಹೆಂಗಸರು ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾರೆ, ಇನ್ನೊಂದು ಕಡೆ ವಾಷಿಂಗ್, ಮತ್ತೊಂದು ಕಡೆ ಗುಂಡಿ, ಪ್ಯಾಕಿಂಗ್. ಪ್ರತಿ ಹಂತದ ನಡುವೆ ಒಂದು ಆಟೊ ಓಡಬೇಕು. ಕರೆಂಟು ಹೋದರೆ ಜನರೇಟರ್. ಅಹಮದಾಬಾದಿನಿಂದ ಬಟ್ಟೆ ಬರುವುದೂ ಸಿದ್ಧ ಮಾಲು ಹೊರ ರಾಜ್ಯಕ್ಕೆ ಹೋಗುವುದೂ ಲಾರಿಯಲ್ಲೇ.

ಇಲ್ಲಿ ಡೀಸೆಲ್‌ಗಿಂತ ದೊಡ್ಡ ನೋವು ತಡವಾಗಿ ಬರುವ ಹಣ. ಮಾಲು ಕಳಿಸಿದ ಮೇಲೆ ಹಣಕ್ಕೆ ತಿಂಗಳುಗಟ್ಟಲೆ ಕಾಯುವುದು ಈ ವ್ಯಾಪಾರದಲ್ಲಿ ಮಾಮೂಲು. ನೋಂದಾಯಿತ ಸಣ್ಣ ಉತ್ಪಾದಕರಿಗೆ 45 ದಿನದೊಳಗೆ ಪಾವತಿಸದ ಖರೀದಿದಾರ ಹಣ ಕೊಟ್ಟ ವರ್ಷದಲ್ಲಷ್ಟೇ ಅದನ್ನು ಖರ್ಚೆಂದು ತೋರಿಸಬಹುದು ಎಂದು ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿಸಲಾಯಿತು. ಉದ್ಯಮ್ ನೋಂದಣಿ ಇಲ್ಲದೆ ಮನೆಯಲ್ಲೇ ನಡೆಯುವ ಘಟಕಕ್ಕೆ ಈ ರಕ್ಷಣೆ ದಕ್ಕುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ 1,000 ದಾಟಿದ, 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೂ ಜಿಎಸ್‌ಟಿ ಶೇ 5ಕ್ಕೆ ಇಳಿದದ್ದು ಜೀನ್ಸ್‌ಗೆ ಸಮಾಧಾನ. ಅಂದೇ ಸರಕು ವಾಹನಗಳ ತೆರಿಗೆ ಶೇ 28ರಿಂದ 18ಕ್ಕೆ, ಟ್ರ್ಯಾಕ್ಟರಿನದು ಶೇ 12ರಿಂದ 5ಕ್ಕೆ ಇಳಿಯಿತು.

ಗಾಡಿ ಅಗ್ಗವಾಯಿತು, ಗಾಡಿಗೆ ಹಾಕುವ ಎಣ್ಣೆ ಜಿಎಸ್‌ಟಿಯ ಹೊರಗೇ ಉಳಿಯಿತು. 2021ರ ಸೆಪ್ಟೆಂಬರ್ 17ರಂದು ಲಖನೌದಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ ಪೆಟ್ರೋಲ್, ಡೀಸೆಲನ್ನು ಒಳತರಲು ಇದು ಸಮಯವಲ್ಲ ಎಂದಿತು. ಹೊರಗಿರುವುದರಿಂದ ಡೀಸೆಲ್ ಮೇಲೆ ಕಟ್ಟಿದ ತೆರಿಗೆಯನ್ನು ಉದ್ಯಮದವರು ತಾವು ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆಯಲು ಆಗುವುದಿಲ್ಲ. ದಾರದ, ಗುಂಡಿಯ, ಬಟ್ಟೆಯ ತೆರಿಗೆ ಮರಳುತ್ತದೆ. ಜನರೇಟರಿಗೆ ಹಾಕಿದ ಡೀಸೆಲಿನದು ಮರಳುವುದಿಲ್ಲ.

ರಾಜ್ಯದ ಖಜಾನೆಗೆ ಇಂಧನ ತೆರಿಗೆ ಬೇಕು; ಶಾಲೆ, ರಸ್ತೆ, ಗ್ಯಾರಂಟಿ ಯೋಜನೆಗಳು ಅದರಿಂದಲೂ ನಡೆಯುತ್ತವೆ. ಆದರೆ ಬೆಳೆ ತಪ್ಪಿದ ವರ್ಷವೂ ಬೆಳೆ ಬಂದ ವರ್ಷವೂ ಒಂದೇ ತೆರಿಗೆ ವಸೂಲಾಗುವಾಗ ಅದರ ಒಂದು ಪಾಲು ಈ ತಾಲ್ಲೂಕುಗಳಿಗೆ ಕೆಲಸವಾಗಿ ಮರಳಬೇಕು. ಮೊದಲು ಆಗಬೇಕಾದ್ದು ಮೂರು: ಬಳ್ಳಾರಿಯಲ್ಲಿ ಶೀತಲಗೃಹ ಸಹಿತ ಮೆಣಸಿನಕಾಯಿ ಮಾರುಕಟ್ಟೆ, ಜೀನ್ಸ್ ಹೊಲಿಯುವ ಮನೆಗಳಿಗೆ ಅವರವರ ಓಣಿಯಲ್ಲೇ ಉದ್ಯಮ್ ನೋಂದಣಿ ಶಿಬಿರ, ಸರ್ಕಾರಿ ಕಾಮಗಾರಿಗೆ ಜಲ್ಲಿ, ಮರಳು ಹೊಡೆದ ಲಾರಿಗಳಿಗೆ ಮಾಲು ಇಳಿಸಿದ ವಾರದೊಳಗೆ ಬಾಡಿಗೆ ಪಾವತಿ. ಮೂರಕ್ಕೂ ದೆಹಲಿಯ ಒಪ್ಪಿಗೆಗೆ ಕಾಯಬೇಕಿಲ್ಲ. ಕೊನೆಯದನ್ನು ಜಿಲ್ಲಾಡಳಿತ ಮತ್ತು ಗುತ್ತಿಗೆದಾರರು ಕೂಡಿ ಮುಂದಿನ ಬಿಲ್ಲಿನಿಂದಲೇ ಶುರು ಮಾಡಬಹುದು.