ಬರ್ ತೆಗೆಯುವಾಗ ಯಂತ್ರ ಸವೆಯದಂತೆ ಕಾಪಾಡುವುದು ಹೇಗೆ?



ಮೆಟ್ಟುಗತ್ತಿಯನ್ನು ಸಾಣೆ ಹಿಡಿದ ಮೇಲೆ ಅದನ್ನು ತೊಳೆದು ಒರೆಸದೆ ನಮ್ಮಲ್ಲಿ ಯಾರೂ ಅಡಿಕೆ ಸುಲಿಯಲು ಕೂರುವುದಿಲ್ಲ. ಕಲ್ಲಿನ ಪುಡಿ ಅಡಿಕೆಗೆ ಹತ್ತಬಾರದೆಂಬ ಹಿರಿಯರ ತಿಳಿವಳಿಕೆ ಅದು. ಸುಲಿಯುವ ಯಂತ್ರ ಬಂದ ಮೇಲೆ ಈ ತಿಳಿವಳಿಕೆಯನ್ನು ನಾವು ಮರೆತಿದ್ದೇವೆ. ಮರೆವಿಗೆ ನಾವು ತೆತ್ತ ಬೆಲೆಯನ್ನು ಮೊದಲು ಹೇಳಿ, ಅನಂತರ ಉಪಾಯಕ್ಕೆ ಬರುತ್ತೇವೆ.

ಒಂದು ಹಂಗಾಮಿನ ನಡುವೆ ನಮ್ಮ ಸುಲಿಯುವ ಯಂತ್ರದ ಶಾಫ್ಟು ಸವೆದು ಅಲ್ಲಾಡತೊಡಗಿತು. ಹುಬ್ಬಳ್ಳಿಯಿಂದ ಮುಂಡಗೋಡ, ಶಿರಸಿಯ ಕಡೆಗೆ ಹೋಗುವ ದಾರಿಯಲ್ಲಿರುವ ತಡಸದಲ್ಲಿ ಹೊಸ ಶಾಫ್ಟನ್ನು ಲೇತಿಗೆ ಹಾಕಿಸಿ ತಂದೆವು. ಬೇರಿಂಗು ಕೂರಿಸಿದ ಮೇಲೆ ನೋಡಿದರೆ, ಕೀ ಕೂರುವ ಸೀಳಿನ ಅಂಚಿನಲ್ಲಿ ಬರ್ ಉಳಿದಿದ್ದು, ಪುಲ್ಲಿ ಒಳಗೆ ಹೋಗಲಿಲ್ಲ. ಮತ್ತೆ ಬಿಚ್ಚಲು ಬೇಸರಪಟ್ಟು, ಬೇರಿಂಗು ಇದ್ದ ಹಾಗೆಯೇ ಕೈಗ್ರೈಂಡರ್ ಹಿಡಿದು ಉಜ್ಜಿದೆವು. ಗ್ರೀಸು ತುಂಬಿ ಓಡಿಸಿದೆವು. ಎಂಟು ದಿನಕ್ಕೆ ಬೇರಿಂಗು ಗರ್ರೆನ್ನತೊಡಗಿತು, ಹತ್ತನೆಯ ದಿನ ಯಂತ್ರ ನಿಂತಿತು. ಅಂಗಳದಲ್ಲಿ ಹಸಿ ಅಡಿಕೆ ರಾಶಿ ಬಿದ್ದಿತ್ತು. ರಾತ್ರಿಯೆಲ್ಲ ಕೈಯಿಂದ ಸುಲಿಸಿದರೂ ಮುಗಿಯಲಿಲ್ಲ. ತಡವಾದ ಅಡಿಕೆಗೆ ಬಣ್ಣ ಕೆಟ್ಟು ದರ ಇಳಿಯಿತು. ಬೇರಿಂಗು ಬಿಚ್ಚಿದಾಗ ಒಳಗಿನ ಗ್ರೀಸು ಬೂದುಬಣ್ಣದ ರುಬ್ಬಿದ ಹಿಟ್ಟಿನಂತಾಗಿತ್ತು. ತಪ್ಪು ಲೇತಿನವರದಲ್ಲ, ನಮ್ಮ ಅವಸರದ್ದು.

ಬರ್ ಎಂದರೇನು?

ಕಬ್ಬಿಣ, ಉಕ್ಕು, ಹಿತ್ತಾಳೆಗಳನ್ನು ಕೊರೆದಾಗ, ತೂತು ಹೊಡೆದಾಗ ಅಥವಾ ಲೇತಿನಲ್ಲಿ ಕಡೆದಾಗ ಅಂಚಿನಲ್ಲಿ ಲೋಹ ಪೂರ್ತಿ ತುಂಡಾಗದೆ ಮುಳ್ಳಿನಂತೆ ಎದ್ದು ನಿಲ್ಲುತ್ತದೆ. ಇದನ್ನೇ ಬರ್ ಎನ್ನುತ್ತಾರೆ. ಇದು ಕೈ ಕೊಯ್ಯುತ್ತದೆ, ಜೋಡಿಸುವ ಭಾಗವನ್ನು ಸರಿಯಾಗಿ ಕೂರಗೊಡುವುದಿಲ್ಲ, ಯಂತ್ರ ಓಡುವಾಗ ಮುರಿದು ಎಣ್ಣೆಯೊಳಗೆ ಬೀಳುತ್ತದೆ. ಆದಕಾರಣ ಬರ್ ತೆಗೆಯಲೇಬೇಕು. ಪ್ರಶ್ನೆ ಇರುವುದು ತೆಗೆಯುವ ಬಗೆಯಲ್ಲಿ.

ಪುಡಿ ಸವೆಸುವ ರೀತಿ

ಕಾನಸಿನಿಂದ (ಅರದಿಂದ) ಉಜ್ಜಿದರೆ ಉದುರುವುದು ಬಹುಮಟ್ಟಿಗೆ ಲೋಹದ ಚೂರು ಮಾತ್ರ. ಎಮರಿ ಬಟ್ಟೆಯಿಂದಾಗಲಿ ಗ್ರೈಂಡರಿನಿಂದಾಗಲಿ ಉಜ್ಜಿದರೆ, ಲೋಹದ ಜೊತೆಗೆ ಉಜ್ಜುವ ಕಲ್ಲಿನ ಹರಳುಗಳೂ ಉದುರುತ್ತವೆ. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10 ಅಂಕ. ಎಮರಿಯಲ್ಲೂ ಉಕ್ಕು ಉಜ್ಜುವ ಚಕ್ರಗಳಲ್ಲೂ ಇರುವ ಅಲ್ಯೂಮಿನಿಯಂ ಆಕ್ಸೈಡಿಗೆ 9. ಅಮೆರಿಕದ ಅಚೆಸನ್ 1891ರಲ್ಲಿ ಕಂಡುಹಿಡಿದ ಕಾರ್ಬೊರಂಡಂ ಇನ್ನೂ ತುಸು ಗಟ್ಟಿ. ಕಾನಸಿನ ಉಕ್ಕಿನ ಗಡಸುತನವೇ ಸುಮಾರು 6.5. ಸಾಮಾನ್ಯ ಶಾಫ್ಟಿನ ಉಕ್ಕು ಅದಕ್ಕಿಂತಲೂ ಮೆತ್ತಗೆ. ಹೀಗಿರುವಾಗ ಈ ಹರಳು ಹೋದಲ್ಲೆಲ್ಲ ಲೋಹವನ್ನು ಗೀರುವುದು ಸಹಜ.

120 ನಂಬರಿನ ಎಮರಿಯ ಹರಳು ಸುಮಾರು 0.1 ಮಿಲಿಮೀಟರ್ ದಪ್ಪ. ಓಡುವ ಬೇರಿಂಗಿನಲ್ಲಿ ಗುಂಡಿಗೂ ಬಳೆಗೂ ನಡುವಿನ ಎಣ್ಣೆಯ ಪದರವಾದರೋ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ತೆಳು. ಹರಳು ಅಲ್ಲಿ ಪುಡಿಯಾಗುತ್ತ ಎರಡೂ ಕಡೆ ಗೀರುತ್ತದೆ. ಎಣ್ಣೆಯೊಡನೆ ಕಲಸಿದ ಈ ಪುಡಿ, ವಾಲ್ವು ಕೂರಿಸಲು ಮೆಕ್ಯಾನಿಕರು ಬಳಸುವ ಗ್ರೈಂಡಿಂಗ್ ಪೇಸ್ಟಿನಂತೆಯೇ ಕೆಲಸ ಮಾಡುತ್ತದೆ.

ಕಾಫಿ ಬೆಳೆಗಾರರೂ ಇದನ್ನು ಗಮನಿಸಬೇಕು. ಹಳೆಯ ಪಲ್ಪರುಗಳಲ್ಲಿರುವಂಥ ಮೆತ್ತಗಿನ ಗನ್‌ಮೆಟಲ್ ಬುಶ್ಶಿನಲ್ಲಿ ಹರಳು ನೆಟ್ಟುಕೊಂಡು ಕೂರುತ್ತದೆ. ಅಲ್ಲಿಂದ ಗಟ್ಟಿಯಾದ ಶಾಫ್ಟನ್ನೇ ಕೊರೆಯುತ್ತದೆ. ಬುಶ್ಶು ಚೆನ್ನಾಗಿದ್ದು ಶಾಫ್ಟು ಸವೆದಿದ್ದರೆ ಇದೇ ಕಾರಣವಿರಬಹುದೆಂದು ತಿಳಿಯಬೇಕು.

ಲೇತಿನ ಚಿಂತೆ ನಮಗೇಕೆ?

ಲೇತಿನ ಬೆಡ್ಡು ಎರಕದ ಕಬ್ಬಿಣದ್ದು. ಅದರ ಮೇಲೆ ಉಳಿಯನ್ನು ಹೊತ್ತ ಕ್ಯಾರೇಜು ಜಾರುತ್ತದೆ. ಲೇತಿನಲ್ಲಿಯೇ ಎಮರಿಯಿಂದ ಉಜ್ಜಿದರೆ ಪುಡಿ ಬೆಡ್ಡಿನ ಎಣ್ಣೆಗೆ ಅಂಟಿ ಕ್ಯಾರೇಜಿನ ಅಡಿಗೆ ಸೇರುತ್ತದೆ. ಹೆಚ್ಚಿನ ಕೆಲಸ ಚಕ್ಕಿನ ಬಳಿ ನಡೆಯುವುದರಿಂದ ಅಲ್ಲಿಯೇ ಸವೆತ ಹೆಚ್ಚು. ಚಕ್ಕಿನ ಬಳಿಯ ಸಡಿಲಕ್ಕೆ ಸರಿಯಾಗಿ ಕ್ಯಾರೇಜನ್ನು ಬಿಗಿದರೆ ಆಚೆ ತುದಿಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ. ಅಂಥ ಲೇತಿನಲ್ಲಿ ಕಡೆದ ಶಾಫ್ಟು ಒಂದು ತುದಿಗೆ ದಪ್ಪ, ಇನ್ನೊಂದು ತುದಿಗೆ ತೆಳು ಆಗುವ ಸಂಭವವಿದೆ. ಬೇರಿಂಗು ಬಿಗಿಯಾಗಿ ಕೂರುವುದಿಲ್ಲ. ಲೇತಿನ ಸವೆತ ಕೊನೆಗೆ ನಮ್ಮ ಯಂತ್ರಕ್ಕೇ ಬಂದು ಮುಟ್ಟುತ್ತದೆ.

1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ನಾಡಿನಲ್ಲೆಲ್ಲ ಹೆಸರಾಗಿದ್ದವು. ಆ ಕಾರ್ಖಾನೆ ಈಗ ನಡೆಯುತ್ತಿಲ್ಲ. ಅಂಥ ಹಳೆಯ ಲೇತು ಇಟ್ಟುಕೊಂಡವರಿಗೆ ಬೆಡ್ಡು ಸವೆದರೆ ಕಾರ್ಖಾನೆಯಿಂದ ಬದಲಿ ತರಿಸುವ ದಾರಿಯಿಲ್ಲ. ಇದ್ದುದನ್ನು ಕಾಪಾಡಿಕೊಳ್ಳಬೇಕು ಅಷ್ಟೆ.

ಅನುಸರಿಸಬೇಕಾದ ಕ್ರಮಗಳು

1. ಸಾಧ್ಯವಿದ್ದಷ್ಟೂ ಬರ್ ಅನ್ನು ಲೇತಿನಿಂದ ದೂರ, ವೈಸಿನಲ್ಲಿ ಹಿಡಿದು ಕಾನಸಿನಿಂದ ತೆಗೆಯಿರಿ. ತೂತಿನ ಬಾಯಿಗೆ ಅದಕ್ಕಿಂತ ದೊಡ್ಡ ಡ್ರಿಲ್ಲನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿದರೆ ಸಾಕು. ಶಾಫ್ಟಿನ ತುದಿಯ ಅಂಚನ್ನು ಲೇತಿನ ಉಳಿಯಿಂದಲೇ ಓರೆಯಾಗಿ ಕಡೆಯಲು ಹೇಳಿ. ಎಮರಿಯ ಅಗತ್ಯವೇ ಬೀಳುವುದಿಲ್ಲ.

2. ಗ್ರೈಂಡರನ್ನು ಲೇತಿನಿಂದಲೂ ಬಿಚ್ಚಿಟ್ಟ ಬೇರಿಂಗುಗಳಿಂದಲೂ ದೂರ ಇಡಬೇಕು. ಕಿಡಿ ಹಾರುವ ದಿಕ್ಕಿನಲ್ಲಿ ಯಂತ್ರ, ಗ್ರೀಸಿನ ಡಬ್ಬಿ ಇರಬಾರದು. ಕಿಡಿ ಹೋದ ಕಡೆಗೆ ಪುಡಿಯೂ ಹೋಗುತ್ತದೆ.

3. ಲೇತಿನಲ್ಲಿ ಎಮರಿ ಹಿಡಿಯುವುದು ಅನಿವಾರ್ಯವಾದರೆ ಬೆಡ್ಡಿನ ಮೇಲೆ ತೆಳು ಹಲಗೆ ಅಥವಾ ದಪ್ಪ ರಟ್ಟು ಮುಚ್ಚಿ, ಜಾರದಂತೆ ಭದ್ರಪಡಿಸಿ. ತಿರುಗುವ ಚಕ್ಕಿನ ಬಳಿ ಸಡಿಲ ಬಟ್ಟೆ ಹಾಸಬಾರದು. ಸುತ್ತಿಕೊಂಡು ಕೈಯನ್ನೂ ಎಳೆದೀತು. ಎಮರಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಹಿಡಿಯುವುದೂ ಅಷ್ಟೇ ಅಪಾಯ.

4. ಕೆಲಸ ಮುಗಿದ ಮೇಲೆ ಕಂಪ್ರೆಸರಿನ ಗಾಳಿ ಊದಬೇಡಿ. ಗಾಳಿ ಪುಡಿಯನ್ನು ಸಂದುಗಳ ಒಳಕ್ಕೆ ನೂಕುತ್ತದೆ. ಅಯಸ್ಕಾಂತ ಹಿಡಿದರೂ ಉಕ್ಕಿನ ಚೂರು ಮಾತ್ರ ಬರುತ್ತದೆ, ಕಲ್ಲಿನ ಹರಳು ಅಲ್ಲಿಯೇ ಉಳಿಯುತ್ತದೆ. ಬ್ರಶ್ಶಿನಿಂದ ಗುಡಿಸಿ, ಸೀಮೆ ಎಣ್ಣೆ ಅಥವಾ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಟ್ಟೆ ಬದಲಿಸಿ ಇನ್ನೊಮ್ಮೆ ಒರೆಸಿ, ಆಮೇಲೆ ಹೊಸ ಎಣ್ಣೆ ಹಾಕಬೇಕು. ಹತ್ತಿರದಲ್ಲಿ ಬೆಂಕಿ, ಕಿಡಿ ಇರಕೂಡದು. ಕ್ಯಾರೇಜಿನ ತುದಿಯ ಒರೆಸುವ ಫೆಲ್ಟು ಗಟ್ಟಿಯಾಗಿದ್ದರೆ ಬದಲಿಸಬೇಕು.

5. ಉಜ್ಜಿದ ಭಾಗವನ್ನು ತೊಳೆದು ಒಣಗಿಸಿದ ಹೊರತು ಬೇರಿಂಗು ಕೂರಿಸಬೇಡಿ. ಬೇರಿಂಗನ್ನು ಅದರ ಕಾಗದದಿಂದ ಕೊನೆಯ ಗಳಿಗೆಯಲ್ಲಿ ಬಿಚ್ಚಿರಿ. ಬೇರಿಂಗು ಕೂತ ಮೇಲೆ ಬರ್ ಕಂಡುಬಂದರೆ ಅದನ್ನು ಕಳಚಿಯೇ ಕಾನಸು ಹಿಡಿಯತಕ್ಕದ್ದು. ಗ್ರೀಸು ತುಂಬುವ ಮುನ್ನ ನಿಪ್ಪಲ್ಲಿನ ಬಾಯಿ ಒರೆಸಿ.

6. ಸಂಶಯವಿದ್ದರೆ ಯಂತ್ರವನ್ನು ನಿಲ್ಲಿಸಿ, ಸ್ವಲ್ಪ ಎಣ್ಣೆ ತೆಗೆದು ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿ. ಮರಳಿನಂತೆ ತರಿತರಿಯಾಗಿ ತಗಲಿದರೆ ಅದರ ಮೇಲೆಯೇ ಹೊಸ ಎಣ್ಣೆ ಸುರಿಯಬೇಡಿ, ಪೂರ್ತಿ ತೊಳೆಯಿರಿ.

ಗ್ರೈಂಡರ್ ಹಿಡಿದವರು ಕಣ್ಣಿಗೆ ಕನ್ನಡಕ ಹಾಕದೆ ಕೆಲಸ ಮಾಡಕೂಡದೆಂದು ಬೇರೆ ಹೇಳಬೇಕಾಗಿಲ್ಲ.

ಹಂಗಾಮಿಗೆ ಮೊದಲೇ ಮುಗಿಸಿ

ಇಷ್ಟಕ್ಕೆಲ್ಲ ತಗಲುವುದು ಅರ್ಧ ಗಂಟೆ, ಒಂದು ಹಿಡಿ ಹಳೆಬಟ್ಟೆ. ಆದರೆ ಕೊಯ್ಲು ಬಿರುಸಾದಾಗ ಆ ಅರ್ಧ ಗಂಟೆಯೂ ನಮಗೆ ದೊಡ್ಡದಾಗಿ ಕಾಣುತ್ತದೆ. ನಾವು ಎಡವಿದ್ದು ಅಲ್ಲಿಯೇ. ಆದ್ದರಿಂದ ಹಾನಗಲ್ಲ, ಶಿಗ್ಗಾಂವಿ ಕಡೆಯ ಸದಸ್ಯರು ಸುಲಿಯುವ ಯಂತ್ರಗಳನ್ನೂ, ಕಾಫಿ ಬೆಳೆಗಾರರು ಪಲ್ಪರುಗಳನ್ನೂ ಗಣೇಶ ಚೌತಿಯೊಳಗೆ ಬಿಚ್ಚಿ ನೋಡುವುದು ಒಳ್ಳೆಯದು. ಶಾಫ್ಟನ್ನು ಲೇತಿನಿಂದ ತರುವಾಗ ಅಲ್ಲಿಯೇ ನಿಂತು, ಲೇತು ನಿಂತ ಮೇಲೆ ಅಂಚುಗಳ ಮೇಲೆ ಬಟ್ಟೆ ಆಡಿಸಿ ನೋಡಿ. ನೂಲು ಸಿಕ್ಕಿಕೊಂಡರೆ ಬರ್ ಉಳಿದಿದೆಯೆಂದು ಅರ್ಥ. ಅದನ್ನು ಅಲ್ಲಿಯೇ ತೆಗೆಸಿ, ತೊಳೆಸಿ, ಎಣ್ಣೆ ಸವರಿಸಿ ಮನೆಗೆ ತನ್ನಿರಿ.